ಟೈಲ್‌ಸ್ಕೇಲ್: ಮನೆಯ ಸರ್ವರ್‌ಗೆ ಹೊರಗಿನಿಂದ ಬರಲು ನಾನು ಆರಿಸಿಕೊಂಡ ದಾರಿ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲೇ ಒಂದು ಸಣ್ಣ ಸರ್ವರ್ (ಹಗಲೂ ರಾತ್ರಿ ಆನ್ ಇದ್ದು ನಮ್ಮ ಫೈಲ್‌ಗಳನ್ನು ಇಟ್ಟುಕೊಳ್ಳುವ ಕಂಪ್ಯೂಟರ್) ಇಟ್ಟುಕೊಂಡು, ಹೊರಗೆ ಹೋದಾಗಲೂ ಅದನ್ನು ಬಳಸಬೇಕು ಅನ್ನುವವರಿಗೆ ಟೈಲ್‌ಸ್ಕೇಲ್ ತುಂಬಾ ಒಳ್ಳೆಯ ಸೇವೆ. ನಮ್ಮ ಯಂತ್ರಗಳನ್ನು ಇಂಟರ್‌ನೆಟ್ ಮೂಲಕವೇ ಒಂದು ಖಾಸಗಿ ಜಾಲಕ್ಕೆ ಸೇರಿಸುವ ವಿಪಿಎನ್ ಅದು. ರೂಟರ್‌ನಲ್ಲಿ ಒಂದೂ ಪೋರ್ಟ್, ಅಂದರೆ ಹೊರಗಿನವರು ಒಳಗೆ ಬರುವ ಬಾಗಿಲು, ತೆರೆಯಬೇಕಾಗಿಲ್ಲ. ಮನೆಬಳಕೆಗೆ ದುಡ್ಡೂ ಕೊಡಬೇಕಾಗಿಲ್ಲ. ಆದರೆ ಇನ್‌ಸ್ಟಾಲ್ ಮಾಡಿದ ಕೂಡಲೇ ಎಲ್ಲ ಭದ್ರವಾಯಿತು ಅಂದುಕೊಳ್ಳುವ ಹಾಗಿಲ್ಲ. ಕೆಲವು ಸೆಟ್ಟಿಂಗ್‌ಗಳನ್ನು ನಾವೇ ಕೂತು ಬದಲಿಸಬೇಕು. ಅವುಗಳ ಬಗ್ಗೆ ಕನ್ನಡದಲ್ಲಿ ಯಾರೂ ಬಿಡಿಸಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಇರುವವಳು. ಲೆಕ್ಕ ಬರೆಯುವುದು ನನ್ನ ಕೆಲಸ. ಠಾಣೆ, ಮುಲುಂಡ್, ಘಾಟ್‌ಕೋಪರ್ ಕಡೆಯ ಕೆಲವು ಉಡುಪಿ ಹೋಟೆಲ್‌ಗಳ ಜಿಎಸ್‌ಟಿ, ಸಂಬಳದ ಪಟ್ಟಿ, ಬಾಡಿಗೆ ಕರಾರು ಎಲ್ಲ ನನ್ನ ಕೈಯಲ್ಲೇ ಇರುತ್ತದೆ. ಮಾಲೀಕರು ಹೆಚ್ಚಿನವರು ನಮ್ಮ ಕುಂದಾಪುರ, ಬೈಂದೂರು ಕಡೆಯವರೇ. ಅವರ ಪ್ಯಾನ್ ಕಾರ್ಡ್, ಅಡುಗೆಯವರ ಆಧಾರ್, ಸಪ್ಲೈಯರ್ ಹುಡುಗರ ಬ್ಯಾಂಕ್ ಖಾತೆ ಎಲ್ಲವೂ ನನ್ನ ಕಂಪ್ಯೂಟರ್‌ನಲ್ಲಿದೆ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಅಂದರೆ ಪೂರ್ತಿ ಆರು ವರ್ಷ. ಇಷ್ಟನ್ನೂ ವಾಟ್ಸಾಪ್‌ನಲ್ಲಿ, ಮೇಲ್‌ನಲ್ಲಿ, ಯಾವುದೋ ಉಚಿತ ಡ್ರೈವ್‌ನಲ್ಲಿ ಚೆಲ್ಲಾಪಿಲ್ಲಿ ಬಿಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ನಂಬಿ ಕೊಟ್ಟ ಕಾಗದ ಅದು.

ಹಾಗಾಗಿ ಮನೆಯಲ್ಲೇ ಸರ್ವರ್. ಮುಂಬೈಯ ಗ್ರಾಂಟ್ ರೋಡ್ ಸ್ಟೇಷನ್ ಇಳಿದು ಲ್ಯಾಮಿಂಗ್ಟನ್ ರಸ್ತೆಗೆ ಹೋದರೆ ಆಫೀಸುಗಳಿಂದ ಬಂದ ಹಳೆಯ ಮಿನಿ ಪಿಸಿಗಳು ಸಿಗುತ್ತವೆ. ಲೆನೊವೊ ಟೈನಿ, ಡೆಲ್ ಮೈಕ್ರೋ, ಎಚ್‌ಪಿ ಮಿನಿ, ಹೀಗೆ. ಒಂದು ದಪ್ಪ ಪುಸ್ತಕದಷ್ಟು ಜಾಗ ಸಾಕು. ಕೊಳ್ಳುವ ಮೊದಲು ಅಂಗಡಿಯಲ್ಲೇ ಆನ್ ಮಾಡಿಸಿ, ಡಿಸ್ಕ್‌ನ ಆರೋಗ್ಯ ನೋಡಿ, ಅಡಾಪ್ಟರ್ ಅದೇ ಕಂಪನಿಯದ್ದಾ ಅಂತ ಕೇಳಿ. ನನ್ನದು ಸುಮ್ನೆ ಕೂತಿರುವಾಗ ಹದಿನೈದು ವಾಟ್‌ನೊಳಗೆ ನಡೆಯುತ್ತದೆ. ಇಡೀ ದಿನ ಹಚ್ಚಿಟ್ಟರೂ ತಿಂಗಳಿಗೆ ಹತ್ತು ಹನ್ನೊಂದು ಯುನಿಟ್ ಮೀರುವುದಿಲ್ಲ. ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟ) ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಆಯ್ಕೆ ಇರುತ್ತದೆ. ಅದನ್ನು ಮರೆಯದೆ ಹಾಕಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ನೀವು ಮನೆಯಲ್ಲಿ ಇರುವುದಿಲ್ಲ.

ಅದರಲ್ಲಿ ಮೂರು ಸೇವೆಗಳು ನಡೆಯುತ್ತಿವೆ. ಕಾಗದಪತ್ರಕ್ಕೆ ಪೇಪರ್‌ಲೆಸ್ ಎನ್‌ಜಿಎಕ್ಸ್. ಮನೆಯ ಫೋಟೋಗಳಿಗೆ ಇಮ್ಮಿಚ್. ಪಾಸ್‌ವರ್ಡ್‌ಗಳಿಗೆ ವಾಲ್ಟ್‌ವಾರ್ಡನ್. ಪೇಪರ್‌ಲೆಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ಸ್ಕ್ಯಾನ್ ಮಾಡಿದ ಕಾಗದದ ಅಕ್ಷರ ಓದಲು ಅದು ಟೆಸೆರಾಕ್ಟ್ ಬಳಸುತ್ತದೆ. ಟೆಸೆರಾಕ್ಟ್‌ಗೆ ಕನ್ನಡವೂ ಬರುತ್ತದೆ, ಮರಾಠಿಯೂ ಬರುತ್ತದೆ. ಆದರೆ ಆ ಭಾಷೆಗಳು ತಾವಾಗಿ ಬರುವುದಿಲ್ಲ, ಸೆಟ್ಟಿಂಗ್‌ನಲ್ಲಿ ಸೇರಿಸಬೇಕು. ಸೇರಿಸಿದ ಮೇಲೆ ಇಲ್ಲಿನ ಕರೆಂಟ್ ಕಂಪನಿ ಮಹಾವಿತರಣದ ಮರಾಠಿ ಬಿಲ್ಲನ್ನೂ ಊರಿನ ಕನ್ನಡ ಜಾಗದ ಪತ್ರವನ್ನೂ ಒಂದೇ ಜಾಗದಲ್ಲಿ ಹುಡುಕಬಹುದು. ಅಚ್ಚಾದ ಅಕ್ಷರಕ್ಕೆ ಮಾತ್ರ ಈ ಮಾತು. ಕೈಬರಹವನ್ನು ಅದರಿಂದ ಓದಿಸುವ ಆಸೆ ಬೇಡ.

ಇಲ್ಲಿಯವರೆಗೆ ಸುಲಭ. ಮನೆಯ ವೈಫೈಯಲ್ಲಿ ಎಲ್ಲ ಚೆನ್ನಾಗಿಯೇ ನಡೆಯುತ್ತದೆ. ಮುಲುಂಡ್‌ನ ಹೋಟೆಲ್ ಗಲ್ಲೆಯಲ್ಲಿ ಕೂತು ಹೋದ ವರ್ಷದ ಕರಾರು ತೆಗೆಯಬೇಕಾದಾಗ ತೊಡಕು ಶುರುವಾಗುತ್ತದೆ.

ಹಳೆಯ ಕ್ರಮ ಅಂದರೆ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡುವುದು, ಅಂದರೆ ಒಂದು ಪೋರ್ಟ್ ತೆರೆದು ಅಲ್ಲಿಗೆ ಬಂದವರನ್ನು ಸರ್ವರ್‌ಗೆ ಕಳಿಸುವುದು. ನಮ್ಮಲ್ಲಿ ಅನೇಕರಿಗೆ ಆ ದಾರಿಯೇ ಇಲ್ಲ. ಇಂಟರ್‌ನೆಟ್‌ನಲ್ಲಿ ಯಂತ್ರಗಳನ್ನು ಗುರುತಿಸುವ ಹಳೆಯ ಬಗೆಯ ವಿಳಾಸಗಳು, ಅಂದರೆ ಐಪಿವಿ4 ವಿಳಾಸಗಳು, ಒಟ್ಟು ಸುಮಾರು 430 ಕೋಟಿ ಮಾತ್ರ. ಏಷ್ಯಾ ಪೆಸಿಫಿಕ್ ಭಾಗದ ಮುಕ್ತ ಸಂಗ್ರಹ 2011ರಲ್ಲೇ ಮುಗಿದುಹೋಯಿತು. ಹಾಗಾಗಿ ಇಂಟರ್‌ನೆಟ್ ಕೊಡುವ ಕಂಪನಿಗಳು ಬಹಳಷ್ಟು ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸುತ್ತವೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ನಿಮ್ಮ ಮನೆಯಲ್ಲೂ ಹೀಗಿದೆಯಾ ಅಂತ ನೋಡುವುದು ಸುಲಭ. ರೂಟರ್ ಪುಟದಲ್ಲಿ ವ್ಯಾನ್ ವಿಳಾಸ (ಇಂಟರ್‌ನೆಟ್ ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ನಮ್ಮ ಇಂಟರ್‌ನೆಟ್ ಕಂಪನಿಯವರನ್ನು ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ಹೊರವಿಳಾಸ, ಕೇಳಿದೆ. ತಿಂಗಳಿಗೆ ಬೇರೆ ದುಡ್ಡು ಕೊಡಿ ಅಂದರು.

ದುಡ್ಡು ಕೊಟ್ಟು ಪೋರ್ಟ್ ತೆರೆಯಬಹುದಿತ್ತು. ನಾನು ತೆರೆಯಲಿಲ್ಲ, ಅದಕ್ಕೆ ಕಾರಣ ಇದೆ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನುವ ರ‍್ಯಾನ್ಸಮ್‌ವೇರ್ ಇಂಟರ್‌ನೆಟ್‌ಗೆ ನೇರವಾಗಿ ತೆರೆದಿಟ್ಟ ಕ್ಯೂನ್ಯಾಪ್ ಸ್ಟೋರೇಜ್ ಪೆಟ್ಟಿಗೆಗಳಿಗೆ ನುಗ್ಗಿತು. ಫೈಲ್‌ಗಳಿಗೆ ಬೀಗ ಹಾಕಿ, ಒಬ್ಬೊಬ್ಬರಿಂದ 0.03 ಬಿಟ್‌ಕಾಯಿನ್ ಕೇಳಿತು. ಅವೆಲ್ಲ ಮನೆಗಳಲ್ಲಿ, ಸಣ್ಣ ಆಫೀಸುಗಳಲ್ಲಿ ಇದ್ದ ಪೆಟ್ಟಿಗೆಗಳು. ಅದೇ ವರ್ಷ ಲಾಸ್ಟ್‌ಪಾಸ್ ಕಂಪನಿಯ ಇಂಜಿನಿಯರ್ ಒಬ್ಬರ ಮನೆ ಕಂಪ್ಯೂಟರ್‌ಗೆ ಕಳ್ಳರು ಹೊಕ್ಕಿದ್ದು ಅಪ್‌ಡೇಟ್ ಮಾಡದೆ ಬಿಟ್ಟಿದ್ದ ಒಂದು ಮೀಡಿಯಾ ಸಾಫ್ಟ್‌ವೇರ್ ಮೂಲಕ. ಆ ದೋಷಕ್ಕೆ ತೇಪೆ 2020ರಲ್ಲೇ ಬಂದಿತ್ತು. ಪಾಸ್‌ವರ್ಡ್ ಕಾಯುವ ಕಂಪನಿಯವರ ಮನೆಯಲ್ಲೇ ಹೀಗಾಗುವುದಾದರೆ ನಮ್ಮ ನಿಮ್ಮ ಮನೆ ಯಾವ ಲೆಕ್ಕ? ಹೊರಗೆ ಒಂದು ಪೋರ್ಟ್ ತೆರೆದರೆ ಅದನ್ನು ತಟ್ಟಿ ನೋಡುವ ಯಂತ್ರಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಅವಕ್ಕೆ ನೀವು ಯಾರು ಅಂತ ಗೊತ್ತಿರಬೇಕಾಗಿಯೂ ಇಲ್ಲ.

ಟೈಲ್‌ಸ್ಕೇಲ್ 2019ರಲ್ಲಿ ಕೆನಡಾದ ಟೊರೊಂಟೊದಲ್ಲಿ ಶುರುವಾದ ಕಂಪನಿ. ಇದರ ಒಳಗಿರುವುದು ವೈರ್‌ಗಾರ್ಡ್ ಅನ್ನುವ ವಿಪಿಎನ್. ವೈರ್‌ಗಾರ್ಡ್ ಅನ್ನು ಜೇಸನ್ ಡೊನೆನ್‌ಫೆಲ್ಡ್ ಬರೆದರು. ಅದು 2020ರಲ್ಲಿ ಲಿನಕ್ಸ್ ಕರ್ನಲ್ (ಲಿನಕ್ಸ್‌ನ ತಿರುಳು ಸಾಫ್ಟ್‌ವೇರ್) 5.6ರ ಜೊತೆಗೆ ಸೇರಿತು. ಕೋಡ್ ತುಂಬಾ ಚಿಕ್ಕದು, ಸುಮಾರು ನಾಲ್ಕು ಸಾವಿರ ಸಾಲು. ಹಳೆಯ ವಿಪಿಎನ್‌ಗಳಿಗಿಂತ ಎಷ್ಟೋ ಕಡಿಮೆ. ಸರಿಯಾದ ಕೀಲಿ ಇಲ್ಲದವರು ಬಾಗಿಲು ಬಡಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. ಈ ಗುಣ ನನಗೆ ಬಹಳ ಇಷ್ಟ.

ಬರೀ ವೈರ್‌ಗಾರ್ಡ್ ಹಾಕಿದರೆ ಪ್ರತಿ ಫೋನಿಗೂ ಕೀಲಿ ಮಾಡಿ, ಒಂದರದ್ದು ಇನ್ನೊಂದರಲ್ಲಿ ಬರೆದು ಇಡಬೇಕು. ಸಿಜಿನ್ಯಾಟ್ ದಾಟುವ ದಾರಿಯನ್ನೂ ನಾವೇ ಹುಡುಕಬೇಕು. ಟೈಲ್‌ಸ್ಕೇಲ್ ಆ ಕೆಲಸವನ್ನು ತಾನು ಮಾಡುತ್ತದೆ. ಅದರ ನಡುವಿನ ಸರ್ವರ್ ಊರಲ್ಲಿ ಸಂಬಂಧ ತೋರಿಸುವವರ ಹಾಗೆ. ಎರಡೂ ಕಡೆಯವರ ವಿಳಾಸ ಕೊಟ್ಟು ಪರಿಚಯ ಮಾಡಿಸುತ್ತದೆ, ಆಮೇಲೆ ಪಕ್ಕಕ್ಕೆ ಸರಿಯುತ್ತದೆ. ಅದರ ಹತ್ತಿರ ಇರುವುದು ಬೇರೆಯವರಿಗೆ ತೋರಿಸಬಹುದಾದ ಸಾರ್ವಜನಿಕ ಕೀಲಿ ಮಾತ್ರ. ಗುಟ್ಟಿನ ಕೀಲಿ ನಮ್ಮ ಯಂತ್ರ ಬಿಟ್ಟು ಹೊರಗೆ ಹೋಗುವುದಿಲ್ಲ. ಎರಡೂ ಕಡೆಯಿಂದ ಹೊರಗೆ ಹೋಗುವ ಸಂಪರ್ಕವನ್ನೇ ಬಳಸಿ ನೇರ ದಾರಿ ಮಾಡುವುದರಿಂದ ರೂಟರ್‌ನಲ್ಲಿ ಏನನ್ನೂ ಮುಟ್ಟಬೇಕಾಗಿಲ್ಲ. ಪ್ರತಿ ಯಂತ್ರಕ್ಕೂ 100ರಿಂದ ಶುರುವಾಗುವ ಒಂದು ಒಳವಿಳಾಸ ಸಿಗುತ್ತದೆ. ಇದೂ ಸಿಜಿನ್ಯಾಟ್‌ಗೆ ಮೀಸಲಿಟ್ಟ ಅದೇ ಸಾಲಿನದು. ರೂಟರ್ ವಿಳಾಸದ ಜೊತೆ ಗೊಂದಲ ಮಾಡಿಕೊಳ್ಳಬೇಡಿ.

ನೇರ ದಾರಿ ಸಿಗದಿದ್ದರೆ ಮಾತ್ರ ಮಾಹಿತಿಯು ರಿಲೇ ಸರ್ವರ್ (ನಡುವೆ ನಿಂತು ದಾಟಿಸುವ ಸರ್ವರ್) ಮೂಲಕ ಹೋಗುತ್ತದೆ. ಅವರ ರಿಲೇಗಳಲ್ಲಿ ಒಂದು ಬೆಂಗಳೂರಿನಲ್ಲಿದೆ. ರಿಲೇ ಮೂಲಕ ಹೋದರೂ ಮಾಹಿತಿ ಗೂಢಲಿಪಿಯಲ್ಲೇ ಇರುತ್ತದೆ, ಅವರಿಗೆ ಓದಲು ಬರುವುದಿಲ್ಲ. ವೇಗ ಮಾತ್ರ ಕಡಿಮೆ. ಕಾಗದ ತೆರೆಯಲು ಸಾಕು, ವಿಡಿಯೋ ನೋಡಲು ಸಾಲದು. ಸರ್ವರ್‌ನಲ್ಲಿ ಟೈಲ್‌ಸ್ಕೇಲ್ ಸ್ಟೇಟಸ್ ಅಂತ ಕಮಾಂಡ್ ಕೊಟ್ಟರೆ ಯಾವ ಯಂತ್ರದ ಜೊತೆ ಡೈರೆಕ್ಟ್, ಯಾವುದರ ಜೊತೆ ರಿಲೇ ಅಂತ ಕಾಣುತ್ತದೆ. ರಿಲೇಯಲ್ಲೇ ಸಿಕ್ಕಿಹಾಕಿಕೊಂಡಿದ್ದರೆ ಮನೆಯ ರೂಟರ್‌ನಲ್ಲಿ ಐಪಿವಿ6 (ವಿಳಾಸಗಳ ಕೊರತೆ ಇಲ್ಲದ ಹೊಸ ಬಗೆ) ಆನ್ ಆಗಿದೆಯಾ ನೋಡಿ. ನಮ್ಮ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಐಪಿವಿ6 ಚೆನ್ನಾಗಿ ಬಂದಿದೆ. ಮನೆಯಲ್ಲೂ ಇದ್ದರೆ ಸಿಜಿನ್ಯಾಟ್‌ನ ತಕರಾರೇ ಇಲ್ಲದೆ ಎರಡೂ ನೇರವಾಗಿ ಕೂಡಿಕೊಳ್ಳುವ ಸಾಧ್ಯತೆ ಜಾಸ್ತಿ. ನನ್ನ ಫೋನ್ ಹೀಗೇ ಡೈರೆಕ್ಟ್ ಆಯಿತು. ಆದರೆ ಐಪಿವಿ6 ಆನ್ ಮಾಡಿದಾಗ ರೂಟರ್‌ನ ಐಪಿವಿ6 ಫೈರ್‌ವಾಲ್ (ಹೊರಗಿನವರನ್ನು ತಡೆಯುವ ಗೋಡೆ) ಕೂಡ ಆನ್ ಇರಲೇಬೇಕು. ಅದಿಲ್ಲದಿದ್ದರೆ ಮನೆಯ ಒಂದೊಂದು ಯಂತ್ರವೂ ಬೀದಿಗೆ ಬಿದ್ದ ಹಾಗೆ.

ಬಳಕೆಯಲ್ಲಿ ಹೇಗಿದೆ? ಲೋಕಲ್ ರೈಲಿನಲ್ಲಿ ಸಿಗ್ನಲ್ ಬದಲಾಗುತ್ತಿದ್ದರೂ, ಹೋಟೆಲ್‌ನ ವೈಫೈಯಿಂದ 4ಜಿಗೆ ಹಾರಿದರೂ ಮತ್ತೆ ಲಾಗಿನ್ ಕೇಳುವುದಿಲ್ಲ. ನಿಜವಾದ ಪರೀಕ್ಷೆ ಆದದ್ದು ಊರಿಗೆ ಹೋಗುವಾಗ. ಠಾಣೆಯಲ್ಲಿ ಮತ್ಸ್ಯಗಂಧ ರೈಲು ಹತ್ತಿದರೆ ಕೊಂಕಣ ರೈಲ್ವೆಯಲ್ಲಿ ಸುರಂಗದ ಮೇಲೆ ಸುರಂಗ. ರತ್ನಾಗಿರಿ ಹತ್ತಿರದ ಕರ್ಬುಡೆ ಸುರಂಗವೊಂದೇ ಸುಮಾರು ಆರೂವರೆ ಕಿಲೋಮೀಟರ್. ಸುರಂಗದೊಳಗೆ ಸಿಗ್ನಲ್ ಸತ್ತಿರುತ್ತದೆ. ಹೊರಗೆ ಬಂದು ಸಿಗ್ನಲ್ ಹತ್ತಿದ ಕೂಡಲೇ ಪೇಪರ್‌ಲೆಸ್ ಪುಟ ಬಿಟ್ಟಲ್ಲಿಂದಲೇ ಮುಂದುವರಿಯಿತು. ವೈರ್‌ಗಾರ್ಡ್ ನಮ್ಮನ್ನು ಗುರುತಿಸುವುದು ಕೀಲಿಯಿಂದ, ಐಪಿ ವಿಳಾಸದಿಂದಲ್ಲ. ವಿಳಾಸ ಬದಲಾದರೂ ಮಾತು ಮುರಿಯುವುದಿಲ್ಲ. ಘಾಟ್‌ಕೋಪರ್‌ನ ಹೋಟೆಲ್‌ನವರ ಒಂದು ಜಿಎಸ್‌ಟಿ ನೋಟಿಸ್‌ಗೆ ಬೇಕಾದ ಬಿಲ್ಲುಗಳನ್ನು ನಾನು ಆ ರೈಲಿನಲ್ಲೇ ಕೂತು ಆರಿಸಿ ಕಳಿಸಿದೆ.

ಕುಂದಾಪುರದಲ್ಲಿ ಅತ್ತೆಯ ಫೋನಿಗೂ ಹಾಕಿಕೊಟ್ಟಿದ್ದೇನೆ. ಮೊಮ್ಮಗನ ಫೋಟೋ ನೋಡಲು ಅವರಿಗೆ ಇಮ್ಮಿಚ್ ಬೇಕು. ಆಂಡ್ರಾಯ್ಡ್‌ನಲ್ಲಿ ವಿಪಿಎನ್ ಯಾವಾಗಲೂ ಆನ್ ಇರುವ ಹಾಗೆ ಮಾಡಬಹುದು. ಹಾಗೆ ಮಾಡಿಟ್ಟರೆ ಅವರು ಏನನ್ನೂ ಒತ್ತಬೇಕಾಗಿಲ್ಲ. ಮೇಲಿನ ಪಟ್ಟಿಯಲ್ಲಿ ಒಂದು ಸಣ್ಣ ಕೀಲಿಯ ಗುರುತು ಬರುತ್ತದೆ.

"ಇದೆಂಥದು ಮಾರಾಯ್ತಿ, ಫೋನಿಗೆ ಬೀಗ ಬಿದ್ದಿದೆಯಾ?" ಅಂದರು.

"ಇಲ್ಲ ಅತ್ತೆ, ಅದು ನಮ್ಮ ಮನೆಗೆ ಸೇರಿಕೊಂಡ ಗುರುತು. ಅದು ಕಾಣದಿದ್ದರೆ ನನಗೆ ಫೋನ್ ಮಾಡಿ" ಅಂದೆ. ಅಷ್ಟು ಸಾಕಾಯಿತು.

ಮೊದಲು ಹೇಳಿದ ಸೆಟ್ಟಿಂಗ್‌ಗಳಿಗೆ ಈಗ ಬರುತ್ತೇನೆ. ಟೈಲ್‌ಸ್ಕೇಲ್‌ಗೆ ಬೇರೆ ಪಾಸ್‌ವರ್ಡ್ ಇಲ್ಲ. ಗೂಗಲ್, ಮೈಕ್ರೋಸಾಫ್ಟ್, ಆಪಲ್ ಅಥವಾ ಗಿಟ್‌ಹಬ್ ಖಾತೆಯಿಂದ ಒಳಗೆ ಬರುತ್ತೀರಿ. ಅಂದರೆ ಆ ಖಾತೆಯೇ ಇಡೀ ಮನೆಯ ಕೀಲಿ. ಆ ಖಾತೆ ಯಾರ ಕೈಗಾದರೂ ಸಿಕ್ಕರೆ ಪೋರ್ಟ್ ಮುಚ್ಚಿಟ್ಟು ಏನೂ ಪ್ರಯೋಜನವಿಲ್ಲ. ಮೊದಲು ಆ ಖಾತೆಗೆ ಎರಡು ಹಂತದ ಲಾಗಿನ್ ಹಾಕಿ. ಸಾಧ್ಯವಿದ್ದರೆ ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದ ಲಾಗಿನ್ ಆಗುವುದು). ಎಸ್‌ಎಂಎಸ್ ಒಟಿಪಿಯನ್ನೇ ನಂಬಿಕೊಂಡು ಕೂರಬೇಡಿ. ಆಮೇಲೆ ಟೈಲ್‌ಸ್ಕೇಲ್‌ನ ಅಡ್ಮಿನ್ ಪುಟದಲ್ಲಿ ಡಿವೈಸ್ ಅಪ್ರೂವಲ್ ಆನ್ ಮಾಡಿ. ಆಗ ಅಡ್ಮಿನ್ ಅಲ್ಲದ ಮನೆಮಂದಿಯ ಖಾತೆ ಯಾರಿಗಾದರೂ ಸಿಕ್ಕರೂ ಹೊಸ ಯಂತ್ರ ನಮ್ಮ ಒಪ್ಪಿಗೆ ಇಲ್ಲದೆ ಸೇರುವುದಿಲ್ಲ. ಇನ್ನೂ ಬಿಗಿ ಬೇಕಾದವರಿಗೆ ಟೈಲ್‌ನೆಟ್ ಲಾಕ್ ಇದೆ. ಅದನ್ನು ಹಾಕಿದರೆ ಟೈಲ್‌ಸ್ಕೇಲ್‌ನ ಸರ್ವರ್ ಕೂಡ ತನ್ನಷ್ಟಕ್ಕೆ ಹೊಸ ಯಂತ್ರವನ್ನು ನಮ್ಮ ಜಾಲಕ್ಕೆ ಸೇರಿಸಲಾಗದು. ನಮ್ಮದೇ ನಂಬಿಕೆಯ ಯಂತ್ರ ಸಹಿ ಹಾಕಬೇಕು.

ಅತಿ ಮುಖ್ಯವಾದದ್ದು ಪ್ರವೇಶದ ನಿಯಮ. ಹೊಸದಾಗಿ ಶುರು ಮಾಡಿದಾಗ ಜಾಲದಲ್ಲಿರುವ ಪ್ರತಿ ಯಂತ್ರವೂ ಉಳಿದ ಎಲ್ಲ ಯಂತ್ರಗಳನ್ನು ಮುಟ್ಟಬಹುದು. ಒಬ್ಬರೇ ಇದ್ದರೆ ಪರವಾಗಿಲ್ಲ. ಮನೆಮಂದಿಯ ಫೋನ್ ಸೇರಿಸಿದ ದಿನವೇ ಇದನ್ನು ಬದಲಿಸಬೇಕು. ನಮ್ಮ ಮನೆಯಲ್ಲಿ ಅತ್ತೆಯ ಫೋನಿಗೆ ಇಮ್ಮಿಚ್‌ನ 2283 ಪೋರ್ಟ್ ಒಂದೇ ಕಾಣುತ್ತದೆ. ಅವರ ಫೋನಿಗೆ ಯಾವುದೋ ಕೆಟ್ಟ ಆಪ್ ಬಂದರೂ ಹೋಟೆಲ್‌ಗಳ ಕಾಗದದ ಹತ್ತಿರ ಅದು ಸುಳಿಯಲಾರದು. ಅತ್ತೆಯ ಮೇಲೆ ಅನುಮಾನ ಅಂತಲ್ಲ. ಫೋನ್ ಯಾವ ಹೊತ್ತಿನಲ್ಲಿ ಯಾರ ಕೈಗೆ ಹೋಗುತ್ತದೋ ಹೇಳಲಾಗದು, ಅಲ್ವಾ? ಈ ನಿಯಮ ಬರೆಯುವ ಫೈಲ್ ಮಾತ್ರ ಸಾಮಾನ್ಯ ಜನರಿಗೆ ಸಲೀಸಲ್ಲ. ಒಂದು ಅಲ್ಪವಿರಾಮ, ಒಂದು ಆವರಣ ತಪ್ಪದೆ ಬರೆಯಬೇಕು. ತಾಳ್ಮೆ ಇಟ್ಟುಕೊಂಡು ಕೂರಿ.

ಕೀಲಿಯ ಅವಧಿಯೂ ತಿಳಿದಿರಲಿ. ಸುಮ್ಮನೆ ಬಿಟ್ಟರೆ 180 ದಿನಕ್ಕೆ ಪ್ರತಿ ಯಂತ್ರವೂ ಮತ್ತೆ ಲಾಗಿನ್ ಕೇಳುತ್ತದೆ. ಫೋನಿಗೆ ಇದು ಒಳ್ಳೆಯದು. ಮನೆಯ ಸರ್ವರ್‌ಗೆ ಮಾತ್ರ ಇದನ್ನು ಆಫ್ ಮಾಡಿ. ಇಲ್ಲದಿದ್ದರೆ ನೀವು ಊರಲ್ಲಿರುವಾಗಲೇ ಸರ್ವರ್ ಜಾಲದಿಂದ ಹೊರಗೆ ಬೀಳಬಹುದು. ಲೋಕಲ್‌ನ ನೂಕುನುಗ್ಗಲಿನಲ್ಲಿ ಫೋನ್ ಕಳೆದುಹೋದರೆ ಬೇರೆ ಯಾವುದಾದರೂ ಬ್ರೌಸರ್‌ನಿಂದ ಅಡ್ಮಿನ್ ಪುಟಕ್ಕೆ ಹೋಗಿ ಆ ಫೋನನ್ನು ತೆಗೆದುಹಾಕಬಹುದು. ಸರ್ವರ್‌ನಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ.

ವಾಲ್ಟ್‌ವಾರ್ಡನ್‌ಗೆ ಎಚ್‌ಟಿಟಿಪಿಎಸ್ (ಬ್ರೌಸರ್‌ನ ಗೂಢಲಿಪಿ ಸಂಪರ್ಕ) ಬೇಕೇ ಬೇಕು. ಅದಿಲ್ಲದೆ ಬ್ರೌಸರ್‌ನಲ್ಲಿ ಅದು ನಡೆಯುವುದಿಲ್ಲ. ಟೈಲ್‌ಸ್ಕೇಲ್ ಸರ್ವ್ ಅನ್ನುವ ಸೌಲಭ್ಯ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಉಚಿತ ಸೇವೆಯಿಂದ ಅದಕ್ಕೆ ಬೇಕಾದ ಸರ್ಟಿಫಿಕೇಟ್ ತಂದು ಅದನ್ನು ಸುಲಭ ಮಾಡುತ್ತದೆ. ಒಂದು ಎಚ್ಚರಿಕೆ: ಹೀಗೆ ಪಡೆದ ಸರ್ಟಿಫಿಕೇಟ್‌ಗಳ ಹೆಸರು ಎಲ್ಲರೂ ನೋಡಬಹುದಾದ ದಾಖಲೆಗೆ ಸೇರುತ್ತದೆ. ಹಾಗಾಗಿ ಯಂತ್ರಕ್ಕೆ ಮನೆಯವರ ಹೆಸರನ್ನೋ ಕಟ್ಟಡದ ಹೆಸರನ್ನೋ ಇಡಬೇಡಿ. ನನ್ನದರ ಹೆಸರು ಒಂದು ಹೂವಿನದು. ಫನೆಲ್ ಅನ್ನುವ ಇನ್ನೊಂದು ಸೌಲಭ್ಯ ಇದೆ. ಅದು ಸೇವೆಯನ್ನು ಇಡೀ ಇಂಟರ್‌ನೆಟ್‌ಗೆ ತೆರೆದಿಡುತ್ತದೆ. ತಾನಾಗಿ ಆನ್ ಆಗುವುದಿಲ್ಲ. ನೀವೂ ಮಾಡಬೇಡಿ.

ನನಗೆ ಹಿಡಿಸದ ವಿಷಯಗಳೂ ಇವೆ. ಫೋನಿನಲ್ಲಿ, ಲಿನಕ್ಸ್‌ನಲ್ಲಿ ಓಡುವ ಮುಖ್ಯ ಕೋಡ್ ಮುಕ್ತವಾಗಿದ್ದರೂ (ಯಾರು ಬೇಕಾದರೂ ಓದಬಹುದಾಗಿದ್ದರೂ) ನಡುವಿನ ಸರ್ವರ್‌ನ ಕೋಡ್ ಮುಕ್ತವಲ್ಲ. ಕಂಪನಿ ನಾಳೆ ನಿಯಮ ಬದಲಿಸಿದರೆ ನಾವು ಅವರ ಮಾತು ಕೇಳಲೇಬೇಕು. 2023ರಲ್ಲಿ ಉಚಿತ ಯೋಜನೆಯ ಮಿತಿಯನ್ನು ಮೂರು ಜನ, 100 ಯಂತ್ರಗಳಿಗೆ ಏರಿಸಿದರು, ಅದು ಒಳ್ಳೆಯದಾಯಿತು. ಆದರೆ ಮಿತಿ ಏರಿಸಿದವರೇ ಇಳಿಸಲೂಬಹುದು. ಸೇರುವ ಮೊದಲು ಈಗಿನ ಮಿತಿ ಎಷ್ಟು ಅಂತ ನೋಡಿಕೊಳ್ಳಿ. ಇದು ಬೇಡ ಅನ್ನುವವರಿಗೆ ಹೆಡ್‌ಸ್ಕೇಲ್ ಇದೆ. ಆ ನಡುವಿನ ಸರ್ವರ್‌ನ ಕೆಲಸವನ್ನು ನಾವೇ ನಡೆಸುವ ಮುಕ್ತ ಸಾಫ್ಟ್‌ವೇರ್ ಅದು. ಆದರೆ ಅದಕ್ಕೆ ಹೊರಗೆ ಒಂದು ಬಾಡಿಗೆ ಸರ್ವರ್ ಬೇಕು, ಅದನ್ನು ಕಾಯುವ ಕೆಲಸವೂ ನಮ್ಮ ಮೇಲೆಯೇ ಬೀಳುತ್ತದೆ.

ಆಂಡ್ರಾಯ್ಡ್‌ನಲ್ಲಿ ಒಂದು ಹೊತ್ತಿಗೆ ಒಂದೇ ವಿಪಿಎನ್ ನಡೆಯುತ್ತದೆ. ಆಫೀಸಿನ ವಿಪಿಎನ್ ಬಳಸುವವರಿಗೆ ಇದು ಕಿರಿಕಿರಿ. ವಿಪಿಎನ್ ಕಂಡರೆ ತೆರೆಯದ ಬ್ಯಾಂಕ್ ಆಪ್‌ಗಳೂ ಇವೆ. ಅಂಥ ಆಪ್‌ಗಳನ್ನು ಟೈಲ್‌ಸ್ಕೇಲ್‌ನಿಂದ ಹೊರಗಿಡುವ ಆಯ್ಕೆ ಆಂಡ್ರಾಯ್ಡ್‌ನಲ್ಲಿ ಕೊಟ್ಟಿದ್ದಾರೆ. ನಿಮ್ಮ ಯುಪಿಐ ಆಪ್ ಅನ್ನು ಮೊದಲೇ ಅದರಲ್ಲಿ ಸೇರಿಸಿಬಿಡಿ.

ಮನೆಯ ಸರ್ವರ್‌ಗೆ ಹೊರಗಿನಿಂದ ದಾರಿ ಕೊಡುವ ಇನ್ನೊಂದು ಸೇವೆ ಕ್ಲೌಡ್‌ಫ್ಲೇರ್ ಟನಲ್, ಅದು ಯಾಕೆ ಬೇಡ ಅಂತ ಕೆಲವರು ಕೇಳುತ್ತಾರೆ. ಅದಕ್ಕೂ ಪೋರ್ಟ್ ತೆರೆಯಬೇಕಾಗಿಲ್ಲ, ನಿಜ. ಹೊರಗಿನವರಿಗೆ ಒಂದು ವೆಬ್‌ಸೈಟ್ ತೋರಿಸಬೇಕಾದರೆ ಅದೇ ಸರಿ. ಆದರೆ ಗೂಢಲಿಪಿ ಅವರ ಸರ್ವರ್‌ನಲ್ಲೇ ಒಮ್ಮೆ ಬಿಚ್ಚಿಕೊಳ್ಳುತ್ತದೆ. ಬೇರೆಯವರ ಆಧಾರ್ ಕಾರ್ಡ್ ಇರುವ ಕಾಗದಕ್ಕೆ ನಾನು ಅದನ್ನು ಒಪ್ಪಲಾರೆ. ಜೊತೆಗೆ ಉಚಿತ ಯೋಜನೆಯಲ್ಲಿ ಒಂದು ಸಲಕ್ಕೆ 100 ಎಂಬಿಗಿಂತ ದೊಡ್ಡ ಅಪ್‌ಲೋಡ್ ಆಗುವುದಿಲ್ಲ. ಇಮ್ಮಿಚ್‌ಗೆ ಫೋನಿನ ವಿಡಿಯೋ ಕಳಿಸುವಾಗ ಅಲ್ಲೇ ನಿಂತುಬಿಡುತ್ತದೆ.

ಟೈಲ್‌ಸ್ಕೇಲ್ ದಾರಿಯನ್ನು ಕಾಯುತ್ತದೆ, ಡಿಸ್ಕನ್ನು ಕಾಯುವುದಿಲ್ಲ. ಅದಕ್ಕೆ ಕುಂದಾಪುರದ ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಮತ್ತು ಹೊರಗಿನ ಹಾರ್ಡ್‌ಡಿಸ್ಕ್ ಇಟ್ಟಿದ್ದೇನೆ. ಅದೂ ಇದೇ ಜಾಲದಲ್ಲಿದೆ. ರಾತ್ರಿ ಹೊತ್ತು ರೆಸ್ಟಿಕ್ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್ ಡೊಂಬಿವಲಿಯಿಂದ ಅಲ್ಲಿಗೆ ಎಲ್ಲದರ ಒಂದು ಪ್ರತಿಯನ್ನು ಕಳಿಸುತ್ತದೆ. ಕಳಿಸುವ ಮೊದಲೇ ಗೂಢಲಿಪಿ ಮಾಡುವುದರಿಂದ ಲ್ಯಾಪ್‌ಟಾಪ್ ಯಾರಾದರೂ ಎತ್ತಿಕೊಂಡು ಹೋದರೂ ಹೋಟೆಲ್‌ಗಳ ಲೆಕ್ಕ ಓದಲು ಬರುವುದಿಲ್ಲ. ರೆಸ್ಟಿಕ್‌ನ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಬ್ಯಾಂಕ್ ಲಾಕರ್‌ನಲ್ಲಿಟ್ಟಿದ್ದೇನೆ. ಅದು ವಾಲ್ಟ್‌ವಾರ್ಡನ್‌ನಲ್ಲಿ ಮಾತ್ರ ಇದ್ದರೆ, ಸರ್ವರ್ ಸುಟ್ಟ ದಿನ ಪಾಸ್‌ವರ್ಡೂ ಅದರ ಜೊತೆಗೇ ಹೋಗುತ್ತದೆ. ಊರಿನ ಲ್ಯಾಪ್‌ಟಾಪ್‌ಗೆ ವಾರಕ್ಕೊಮ್ಮೆ ಧೂಳು ಒರೆಸುವುದು, ಕರೆಂಟ್ ಬಂದಿದೆಯಾ ನೋಡುವುದು ಮೈದುನನ ಪಾಲು. ಅಪ್‌ಡೇಟ್ ಹಾಕುವುದು ನನ್ನ ಪಾಲು. ಅದನ್ನು ನಾನು ಡೊಂಬಿವಲಿಯಿಂದಲೇ, ಇದೇ ಟೈಲ್‌ಸ್ಕೇಲ್ ಮೂಲಕ ಮಾಡುತ್ತೇನೆ.